ಹೆಬ್ಬೆರಳು ಕೊಡುವ ಉತ್ತರ

ಮಾವಿನ ಸಸಿಗೆ ಕಸಿ ಕಟ್ಟುವವರ ಕೈಗಳನ್ನು ಒಂದಷ್ಟು ಹೊತ್ತು ನಿಂತು ನೋಡಬೇಕು. ಮಾವಿಗೆ ಹೆಸರಾದ ಶ್ರೀನಿವಾಸಪುರದ ಸೀಮೆಯಲ್ಲಿ ಈ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ವಾಟೆಯಿಂದ ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳುತ್ತಾರೆ. ಒಳ್ಳೆಯ ಜಾತಿಯ ಮರದಿಂದ ತಂದ ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಆ ಸೀಳಿನೊಳಗೆ ಕೂರಿಸುತ್ತಾರೆ. ತೊಗಟೆಗೆ ತೊಗಟೆ ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಕಸಿ ಹಿಡಿಯುವುದಿಲ್ಲ. ಕಡ್ಡಿ ಅಲುಗದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ಪಳಗಿದವರಿಗೆ ಇದೆಲ್ಲ ಮಾತಾಡುತ್ತಲೇ ಮಾಡುವ ಕೆಲಸ. ಹೆಬ್ಬೆರಳು ಎಷ್ಟು ಒತ್ತಬೇಕು, ಯಾವಾಗ ಸಡಿಲ ಬಿಡಬೇಕು ಎಂದು ಅವರು ಯೋಚಿಸುವುದೇ ಇಲ್ಲ.

ಮಿದುಳಿಗೂ ಒಂದು ತೊಗಟೆ ಇದೆ. ವಿಜ್ಞಾನಿಗಳು ಅದನ್ನು ಕಾರ್ಟೆಕ್ಸ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಮರದ ತೊಗಟೆ ಎಂದೇ ಅರ್ಥ. ಕೆಲವೇ ಮಿಲಿಮೀಟರ್ ದಪ್ಪದ, ಮಡಿಕೆ ಮಡಿಕೆಯಾದ ಈ ಪದರದಲ್ಲಿ ನೆತ್ತಿಯಿಂದ ಎರಡೂ ಕಿವಿಗಳ ಕಡೆಗೆ ಇಳಿಯುವ ಒಂದು ಪಟ್ಟಿ ಇದೆ. ಹೆಡ್‌ಫೋನಿನ ಪಟ್ಟಿ ಕೂರುವ ಜಾಗದ ಆಸುಪಾಸು ಎಂದುಕೊಂಡರೆ ಸಾಕು. ಅದೇ ಮೋಟಾರ್ ಕಾರ್ಟೆಕ್ಸ್, ಮೈಯ ಚಲನೆಗೆ ಅಪ್ಪಣೆ ಹೊರಡುವ ಜಾಗ. ಎಡಗಡೆಯ ಪಟ್ಟಿ ಬಲಗೈ ಬಲಗಾಲನ್ನು ಆಡಿಸುತ್ತದೆ, ಬಲಗಡೆಯದು ಎಡಗೈ ಎಡಗಾಲನ್ನು. ನೆತ್ತಿಯ ಹತ್ತಿರ ಕಾಲಿನ ಜಾಗ, ಕೆಳಗಿಳಿದಂತೆ ತೋಳು, ಕೈ, ಮುಖ, ನಾಲಗೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರೆ ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರದಲ್ಲೇ ಇದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ನೋಡಿ 1937ರಲ್ಲಿ ಈ ನಕ್ಷೆಯನ್ನು ಬಿಡಿಸಿದರು. ಅದರಲ್ಲಿ ಇಡೀ ಬೆನ್ನು ಹೊಟ್ಟೆಗೆ ಸಿಕ್ಕ ಪಾಲು ಸಣ್ಣದು, ಬೆರಳು ತುಟಿಗಳಿಗೆ ಸಿಕ್ಕದ್ದು ಬಲು ದೊಡ್ಡದು. ಮುಳಬಾಗಿಲಿನ ಹೋಟೆಲಿನಲ್ಲಿ ಕಾವಲಿಗೆ ಹಿಟ್ಟು ಹುಯ್ಯುವ ಕೈ, ಮಾಲೂರಿನಲ್ಲಿ ಹೆಂಚಿನ ಮಣ್ಣಿನ ಹದ ನೋಡುವ ಬೆರಳು, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಆರಿಸಿ ಬಾಕ್ಸಿಗೆ ತುಂಬುವ ಕೈ, ಇವೆಲ್ಲವೂ ಆ ಪಟ್ಟಿಯ ನಡುವಿನ ಒಂದು ಪುಟ್ಟ ಉಬ್ಬಿನ ಅಪ್ಪಣೆಗೆ ಕಾಯುತ್ತವೆ.

ಮಿದುಳಿನ ಸಂಶೋಧಕರಿಗೆ ಈ ಪಟ್ಟಿಯ ಮೇಲೆ ವಿಶೇಷ ಪ್ರೀತಿ. ಕಾರಣ ಸರಳ. ನೆನಪಿನ ಜಾಗವನ್ನೋ ಸಿಟ್ಟು ದುಃಖದ ಜಾಗವನ್ನೋ ಹೊರಗಿನಿಂದ ತಟ್ಟಿದರೆ ಏನಾಯಿತೆಂದು ಕಣ್ಣಿಗೆ ಕಾಣುವುದಿಲ್ಲ. ಮೋಟಾರ್ ಕಾರ್ಟೆಕ್ಸನ್ನು ತಟ್ಟಿದರೆ ಹೆಬ್ಬೆರಳು ಅಲ್ಲೇ ಮಿಡುಕಿ ಉತ್ತರ ಕೊಡುತ್ತದೆ.

ಆದರೆ ತಲೆಬುರುಡೆ ತೆರೆಯದೆ ತಟ್ಟುವುದು ಹೇಗೆ?

1870ರಲ್ಲಿ ಬರ್ಲಿನ್‌ನ ಗುಸ್ತಾವ್ ಫ್ರಿಟ್ಷ್ ಮತ್ತು ಎಡ್ವರ್ಡ್ ಹಿಟ್ಜಿಗ್ ನಾಯಿಗಳ ಮಿದುಳಿಗೆ ಬ್ಯಾಟರಿಯ ವಿದ್ಯುತ್ ಮುಟ್ಟಿಸಿ ಕಾಲು ಆಡುವುದನ್ನು ತೋರಿಸಿದರು. ನಾಲ್ಕು ವರ್ಷಗಳ ಬಳಿಕ ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ಸ್ ಬಾರ್ಥೊಲೊ ಎಂಬ ವೈದ್ಯ ಅದನ್ನೇ ಮನುಷ್ಯರ ಮೇಲೆ ಮಾಡಿದ. ಮೇರಿ ರಾಫರ್ಟಿ ಎಂಬ ಹೆಣ್ಣುಮಗಳ ತಲೆಯ ಹುಣ್ಣು ಬುರುಡೆಯನ್ನೇ ತಿಂದು ಮಿದುಳು ಹೊರಗೆ ಕಾಣುತ್ತಿತ್ತು. ಅಲ್ಲಿಗೆ ಸೂಜಿ ಚುಚ್ಚಿ ವಿದ್ಯುತ್ ಹರಿಸಿದಾಗ ಎದುರು ಬದಿಯ ಕೈಕಾಲು ಸೆಟೆದವು. ವಿದ್ಯುತ್ ಹೆಚ್ಚಿಸಿದಾಗ ಆಕೆಗೆ ಫಿಟ್ಸ್ ಬಂತು, ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ವೈದ್ಯಲೋಕ ಬಾರ್ಥೊಲೊನನ್ನು ಖಂಡಿಸಿತು, ಅವನೂ ವಿಷಾದ ವ್ಯಕ್ತಪಡಿಸಿದ. ಮೋಟಾರ್ ಕಾರ್ಟೆಕ್ಸ್‌ನ ಚರಿತ್ರೆ ಬರೆಯುವವರು ಆಕೆಯ ಹೆಸರನ್ನು ಬಿಟ್ಟು ಮುಂದೆ ಹೋಗಬಾರದು.

ಬುರುಡೆಯ ಹೊರಗಿನಿಂದಲೇ ಈ ಕೆಲಸ ಸಾಧ್ಯವೆಂದು 1980ರಲ್ಲಿ ಪ್ಯಾಟ್ರಿಕ್ ಮರ್ಟನ್ ಮತ್ತು ಬರ್ಟ್ ಮಾರ್ಟನ್ ತೋರಿಸಿದರು. ನೆತ್ತಿಗೆ ಎಲೆಕ್ಟ್ರೋಡ್ ಅಂಟಿಸಿ ಹೆಚ್ಚು ವೋಲ್ಟೇಜಿನ ಒಂದೇ ಒಂದು ಮಿಂಚು. ಕೈ ಆಡಿತು, ಆದರೆ ಚರ್ಮಕ್ಕೆ ಬಿದ್ದ ಪೆಟ್ಟಿನ ನೋವು ಸಹಿಸುವಂತಿರಲಿಲ್ಲ. ನೋವಿಲ್ಲದ ದಾರಿ ಸಿಕ್ಕಿದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಆಂಟನಿ ಬಾರ್ಕರ್ ಮತ್ತು ಸಂಗಡಿಗರು ವಿದ್ಯುತ್ತನ್ನು ತಲೆಗೆ ಮುಟ್ಟಿಸಲೇ ಇಲ್ಲ. ತಲೆಯ ಮೇಲೆ ತಾಮ್ರದ ತಂತಿಯ ಸುರುಳಿ ಹಿಡಿದು, ಅದರಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ತನ್ನು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಹರಿಸಿದರು. ಆ ಕ್ಷಣಕ್ಕೆ ಎಂಆರ್‌ಐ ಯಂತ್ರದಷ್ಟು ಬಲದ ಕಾಂತಕ್ಷೇತ್ರ ಎದ್ದು ಬೀಳುತ್ತದೆ. ಬದಲಾಗುವ ಕಾಂತಕ್ಷೇತ್ರ ಎಲ್ಲಿದೆಯೋ ಅಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಚರ್ಮ, ಮೂಳೆಗಳನ್ನು ಕಾಂತಕ್ಷೇತ್ರ ಲೆಕ್ಕಿಸುವುದಿಲ್ಲ. ಒಳಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ, ಮಿದುಳಿನ ತೊಗಟೆಯಲ್ಲೇ ಸಣ್ಣ ವಿದ್ಯುತ್ ಹುಟ್ಟಿ ನರಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಎಂಬ ಉದ್ದ ಹೆಸರನ್ನು ಆಸ್ಪತ್ರೆಗಳಲ್ಲಿ ಟಿಎಂಎಸ್ ಎಂದು ಮುಗಿಸುತ್ತಾರೆ.

ಫ್ಯಾರಡೆಯ ತತ್ತ್ವ ಕೋಲಾರದ ನೆಲಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಸಾಲುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದೇ ಆಮೇಲೆ, 1905ರಲ್ಲಿ. ಅಷ್ಟು ದೂರ ಸಾಗಿಸಲು ಟ್ರಾನ್ಸ್‌ಫಾರ್ಮರ್‌ಗಳು ಬೇಕಾದವು. ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ಸುರುಳಿಗೂ ಇನ್ನೊಂದಕ್ಕೂ ತಂತಿಯ ನಂಟಿಲ್ಲ, ಇರುವುದು ಕಾಂತಕ್ಷೇತ್ರದ ನಂಟು ಮಾತ್ರ. ಟಿಎಂಎಸ್‌ನಲ್ಲೂ ಅಷ್ಟೇ: ಮೊದಲ ಸುರುಳಿ ತಲೆಯ ಮೇಲಿರುವ ತಾಮ್ರ, ಎರಡನೆಯದರ ಜಾಗದಲ್ಲಿ ಮನುಷ್ಯನ ಮಿದುಳು.

ಪರೀಕ್ಷೆಯ ಕೋಣೆಯಲ್ಲಿ ನಡೆಯುವುದು ಇಷ್ಟು. ಒರಗಿ ಕೂರುವ ಕುರ್ಚಿ. ಬಂದವರ ಕಿವಿಗೆ ಬಿರಡೆ, ಯಾಕೆಂದರೆ ಸುರುಳಿ ಪ್ರತಿಸಲ ಠಕ್ಕೆಂದು ಸದ್ದು ಮಾಡುತ್ತದೆ. ಹೆಬ್ಬೆರಳ ಬುಡದ ದಿಣ್ಣೆಯ ಮೇಲೋ, ಹೆಬ್ಬೆರಳು ತೋರುಬೆರಳುಗಳ ನಡುವಿನ ಸ್ನಾಯುವಿನ ಮೇಲೋ ಪುಟ್ಟ ಎಲೆಕ್ಟ್ರೋಡುಗಳು. ತಂತ್ರಜ್ಞರು ಇಂಗ್ಲಿಷ್ ಅಂಕಿ 8ರ ಆಕಾರದ ಸುರುಳಿಯನ್ನು ಎದುರು ಬದಿಯ ನೆತ್ತಿಯ ಮೇಲೆ ಕೊಂಚ ಓರೆಯಾಗಿ ಹಿಡಿಯುತ್ತಾರೆ. ಠಕ್. ಏನೂ ಇಲ್ಲ. ಒಂದು ಸೆಂಟಿಮೀಟರ್ ಈಚೆಗೆ ಸರಿಸುತ್ತಾರೆ. ಠಕ್. ಈಗ ಹೆಬ್ಬೆರಳು ತಾನಾಗಿ ಒಮ್ಮೆ ಮಿಡುಕುತ್ತದೆ. ಕೂತವರಿಗೆ ಅಚ್ಚರಿ: ತಾವು ಆಡಿಸಲಿಲ್ಲ, ಆದರೂ ಬೆರಳು ಆಡಿತು! ಪರದೆಯ ಮೇಲೆ ಒಂದು ಸಣ್ಣ ಅಲೆ ಎದ್ದಿರುತ್ತದೆ. ಸುರುಳಿ ಸದ್ದು ಮಾಡಿದ ಸುಮಾರು 20 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ, ಸುದ್ದಿ ತಲೆಯಿಂದ ಬೆರಳಿಗೆ ಮುಟ್ಟಿದೆ.

ಆ ಪುಟ್ಟ ಅಲೆಯಿಂದ ಓದಬಹುದಾದದ್ದು ಬಹಳ. ಎಷ್ಟು ಕಡಿಮೆ ಬಲಕ್ಕೆ ಬೆರಳು ಉತ್ತರ ಕೊಡುತ್ತದೆ ಎನ್ನುವುದು ಮೊದಲ ಅಳತೆ. ಹತ್ತು ಸಲ ತಟ್ಟಿದರೆ ಐದು ಸಲವಾದರೂ 50 ಮೈಕ್ರೋವೋಲ್ಟಿನ ಅಲೆ ಏಳಬೇಕು. ಅಷ್ಟಕ್ಕೆ ಬೇಕಾದ ಬಲ ಒಬ್ಬೊಬ್ಬರಲ್ಲಿ ಒಂದೊಂದು. ಖಿನ್ನತೆಗೆ ಟಿಎಂಎಸ್ ಚಿಕಿತ್ಸೆ ಕೊಡುವಾಗಲೂ ತಟ್ಟುವ ಬಲವನ್ನು ಗೊತ್ತು ಮಾಡುವುದು ಈ ಹೆಬ್ಬೆರಳ ಲೆಕ್ಕದಿಂದಲೇ. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಆ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು. ಚಿಕಿತ್ಸೆ ನಡೆಯುವುದು ಹಣೆಯ ಕಡೆಯ ಮಿದುಳಿಗೆ. ಆದರೆ ಆ ಭಾಗ ಮೂಕ, ಅದರ ಪರವಾಗಿ ಬೆರಳು ಮಾತಾಡುತ್ತದೆ.

ಎರಡನೆಯ ಅಳತೆ ಹೊತ್ತಿನದು. ತಲೆಯ ಮೇಲೆ ತಟ್ಟಿದಾಗ ಬೆರಳಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಎಂದು ನೋಡುತ್ತಾರೆ. ಆಮೇಲೆ ಸುರುಳಿಯನ್ನು ಕತ್ತಿನ ಹಿಂದೆ ಹಿಡಿದು, ಅಲ್ಲಿಂದ ಬೆರಳಿಗೆ ಎಷ್ಟು ಹೊತ್ತು ಎಂದು ನೋಡುತ್ತಾರೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮಿದುಳಿನಿಂದ ಬೆನ್ನುಹುರಿಯ ತನಕದ ದಾರಿಯ ಲೆಕ್ಕ ಸಿಕ್ಕಿತು. ಕರೆಂಟು ಹೋದಾಗ ಲೈನ್‌ಮ್ಯಾನ್ ಯಾವ ಕಂಬದಿಂದ ಯಾವ ಕಂಬದ ನಡುವೆ ಕೆಟ್ಟಿದೆ ಎಂದು ಹುಡುಕುವ ರೀತಿ ಇದು. ಕೋಲಾರ ಜಿಲ್ಲೆಯಲ್ಲಿ ಈ ಅಳತೆಗೆ ಬೇರೆಯದೇ ತೂಕವಿದೆ. ಇಲ್ಲಿನ ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ದಶಕಗಟ್ಟಲೆ ಅಂಥ ನೀರು ಕುಡಿದವರಲ್ಲಿ ಕೆಲವರಿಗೆ ಮೂಳೆ ದಪ್ಪವಾಗಿ, ಕತ್ತಿನ ಕಟ್ಟುನಾರುಗಳು ಮೂಳೆಯಂತೆ ಗಟ್ಟಿಯಾಗಿ ಬೆನ್ನುಹುರಿಯನ್ನು ಒತ್ತುತ್ತವೆ. ಕಾಲು ಬಿಗಿಯುತ್ತದೆ, ನಡಿಗೆ ತೊಡರುತ್ತದೆ. ಬೆನ್ನುಹುರಿಯ ಮೇಲಿನ ಒತ್ತಡ ಅಪ್ಪಣೆಯನ್ನು ಎಷ್ಟು ನಿಧಾನಿಸಿದೆ ಎಂಬುದು ಈ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕಾಣುತ್ತದೆ.

ಕೋಲಾರದಿಂದ ಹೆದ್ದಾರಿ ಹಿಡಿದರೆ ಒಂದೂವರೆ ಎರಡು ಗಂಟೆಯ ದಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೋಟಾರ್ ಕಾರ್ಟೆಕ್ಸ್ ಕುರಿತು ಕರ್ನಾಟಕದಲ್ಲಿ ನಡೆದ ಗಂಭೀರ ಕೆಲಸದ ದೊಡ್ಡ ಪಾಲು ಅಲ್ಲಿಯದು. ನರರೋಗ ತಜ್ಞ ಪ್ರಮೋದ್ ಕುಮಾರ್ ಪಾಲ್ ಅವರ ತಂಡ ಪಾರ್ಕಿನ್ಸನ್ ಮೊದಲಾದ ಚಲನೆಯ ಕಾಯಿಲೆಗಳಲ್ಲಿ ಈ ಪಟ್ಟಿ ಹೇಗೆ ವರ್ತಿಸುತ್ತದೆ ಎಂದು ಟಿಎಂಎಸ್‌ನಿಂದ ಅಳೆದಿದೆ. 2013ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ, ವಂಶವಾಹಿಯಲ್ಲಿ ಇಳಿದು ಬಂದು ನಡಿಗೆ ತೂರಾಡುವಂತೆ ಮಾಡುವ ಸ್ಪೈನೊಸೆರೆಬೆಲ್ಲರ್ ಅಟಾಕ್ಸಿಯಾದ ಮೂರು ಬಗೆಗಳನ್ನು ಹೋಲಿಸಿ ನೋಡಿತು. ಹೊರಗೆ ಮೂರೂ ಒಂದೇ ಥರ ಕಾಣುತ್ತವೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿ ಮೊದಲನೆಯ ಬಗೆಯಲ್ಲಿ ಎದ್ದು ಕಾಣುವಷ್ಟು ನಿಧಾನ.

ಅದೇ ಸಂಸ್ಥೆಯ ಮನೋವೈದ್ಯ ಊರ್ವಕ್ಷ್ ಮೆಹ್ತಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಕುತೂಹಲದ್ದು. ಎದುರು ಕೂತವರು ಕೈಯಿಂದ ಏನಾದರೂ ಮಾಡುವುದನ್ನು ನೋಡಿದಾಗ ನೋಡುವವನ ಕೈ ಆಡದಿದ್ದರೂ ಅವನ ಮೋಟಾರ್ ಕಾರ್ಟೆಕ್ಸ್ ಒಳಗೊಳಗೇ ಸಜ್ಜಾಗುತ್ತದೆ. ಆ ಹೊತ್ತಿಗೆ ಟಿಎಂಎಸ್ ತಟ್ಟಿದರೆ ಪರದೆಯ ಅಲೆ ಎಂದಿಗಿಂತ ಎತ್ತರಕ್ಕೆ ಏಳುತ್ತದೆ. ಬೆರಳುಗಳು ಬೀಗದಕೈಯನ್ನು ಹಿಡಿದು ಮಾಡುವ ಕೆಲಸವನ್ನು ಸ್ಕಿಜೋಫ್ರೇನಿಯಾ ಇದ್ದವರಿಗೂ ಇಲ್ಲದವರಿಗೂ ತೋರಿಸಿ ಈ ಏರಿಕೆಯನ್ನು ಅಳೆದರು. ಕಾಯಿಲೆ ಇದ್ದು ಇನ್ನೂ ಔಷಧಿ ತೆಗೆದುಕೊಳ್ಳದಿದ್ದವರಲ್ಲಿ ಏರಿಕೆ ಮಂಕಾಗಿತ್ತು. ಇನ್ನೊಬ್ಬರ ಮನಸ್ಸನ್ನು ಅರಿಯುವ ಸಾಮರ್ಥ್ಯಕ್ಕೂ ಅದಕ್ಕೂ ನಂಟು ಕಂಡಿತು. ಮನೋರೋಗದ ಒಂದು ಎಳೆಯನ್ನು ಕೈಯ ಒಂದು ಪುಟ್ಟ ಸ್ನಾಯುವಿನಲ್ಲಿ ಅಳೆಯಬಹುದು ಎಂಬುದು ಸಣ್ಣ ಸಂಗತಿಯಲ್ಲ.

ಈ ಪಟ್ಟಿ ಕಲ್ಲಿನಲ್ಲಿ ಕೆತ್ತಿದ ನಕ್ಷೆಯೂ ಅಲ್ಲ. ಆಲ್ವರೊ ಪಾಸ್ಕುಯಲ್-ಲಿಯೋನ್ ಅವರ ತಂಡ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಯಾನೊ ಬಾರದವರು ಐದು ಬೆರಳಿನ ಒಂದು ಪಾಠವನ್ನು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿದರು. ಆ ಬೆರಳುಗಳ ಜಾಗ ದಿನದಿನಕ್ಕೆ ಹಿಗ್ಗುತ್ತಾ ಹೋಯಿತು. ಬೆರಳು ಅಲುಗಿಸದೆ ಮನಸ್ಸಿನಲ್ಲೇ ನುಡಿಸಿಕೊಂಡವರಲ್ಲೂ ಹಿಗ್ಗಿತು. ಬರಿಗಣ್ಣಿಗೆ ಕಾಣುವ ಕಸಿಯವರ ಹೆಬ್ಬೆರಳ ಚಾಕಚಕ್ಯತೆಯ ಹಿಂದೆ ತಲೆಯೊಳಗಿನ ತೊಗಟೆಯೂ ಪಳಗಿರುತ್ತದೆ.

ಅಭ್ಯಾಸದಿಂದ ಹಿಗ್ಗುವುದಾದರೆ ಹೊರಗಿನಿಂದ ತಟ್ಟಿ ತಟ್ಟಿ ಹಿಗ್ಗಿಸಬಹುದಲ್ಲವೇ ಎಂಬ ಆಸೆ ಹುಟ್ಟಿದ್ದು ಸಹಜ. 2000ದಲ್ಲಿ ಜರ್ಮನಿಯ ಗಟಿಂಗನ್‌ನ ಮೈಕೇಲ್ ನಿಟ್ಷೆ ಮತ್ತು ವಾಲ್ಟರ್ ಪೌಲಸ್ ನೆತ್ತಿಯ ಮೇಲೆ ಎರಡು ಒದ್ದೆ ಸ್ಪಂಜುಗಳನ್ನಿಟ್ಟು ಕೇವಲ 1 ಮಿಲಿಆಂಪಿಯರ್ ವಿದ್ಯುತ್ ಹರಿಸಿ, ಬೆರಳಿನ ಅಲೆ ಶೇ. 40ರವರೆಗೂ ಏರುವುದನ್ನು ತೋರಿಸಿದರು. ಇದಕ್ಕೆ ಟಿಡಿಸಿಎಸ್ ಎಂದು ಹೆಸರು. 2005ರಲ್ಲಿ ಲಂಡನ್‌ನಲ್ಲಿ ಯಿಂಗ್-ಝು ಹುವಾಂಗ್ ಮತ್ತು ಜಾನ್ ರಾಥ್‌ವೆಲ್ ಅವರ ತಂಡ ಗುಂಪು ಗುಂಪಾದ ಕಾಂತದ ತಟ್ಟುಗಳಿಂದ 40 ಸೆಕೆಂಡಿನಲ್ಲೇ ಮೋಟಾರ್ ಕಾರ್ಟೆಕ್ಸನ್ನು ಸುಮಾರು ಒಂದು ಗಂಟೆ ಕಾಲ ಮಂದಗೊಳಿಸಿತು. ಜಗತ್ತಿನ ಪ್ರಯೋಗಾಲಯಗಳು ಇದರ ಹಿಂದೆ ಬಿದ್ದವು.

ಆಮೇಲೆ ಎಚ್ಚರದ ಕಾಲ ಬಂತು. 2013ರಲ್ಲಿ ಅದೇ ಲಂಡನ್ ಬಳಗದ ಮಸಾಶಿ ಹಮಾದಾ ಐವತ್ತಕ್ಕೂ ಹೆಚ್ಚು ಜನರ ಮೇಲೆ ಈ ತಟ್ಟುಗಳನ್ನು ಪರೀಕ್ಷಿಸಿದಾಗ, ಕೆಲವರಲ್ಲಿ ಅಲೆ ಏರಿತು, ಕೆಲವರಲ್ಲಿ ಇಳಿಯಿತು, ಒಟ್ಟು ಸರಾಸರಿಯಲ್ಲಿ ಪರಿಣಾಮವೇ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮೃತದೇಹಗಳಲ್ಲಿ ಅಳೆದು, ನೆತ್ತಿಗೆ ಕೊಟ್ಟ ವಿದ್ಯುತ್ತಿನ ಮುಕ್ಕಾಲು ಪಾಲು ಚರ್ಮ, ಬುರುಡೆಗಳಲ್ಲೇ ಕಳೆದುಹೋಗುತ್ತದೆ ಎಂದಿತು. ಇದನ್ನು ಸೋಲು ಎನ್ನಬಾರದು. ಒಂದು ವಿಜ್ಞಾನ ತನ್ನ ಭರವಸೆಯನ್ನು ತಾನೇ ತಕ್ಕಡಿಗೆ ಹಾಕಿ ನೋಡಿತು, ಅದಕ್ಕೆ ಗೌರವ ಸಲ್ಲಬೇಕು. ಒಂಬತ್ತು ವೋಲ್ಟಿನ ಬ್ಯಾಟರಿಗೆ ತಂತಿ ಕಟ್ಟಿ ಮನೆಯಲ್ಲೇ ಬುದ್ಧಿ ಚುರುಕು ಮಾಡಿಕೊಳ್ಳಿ ಎನ್ನುವವರ ಮಾತಿಗೆ ಮಾತ್ರ ಯಾರೂ ಕಿವಿಗೊಡಬಾರದು. ಟಿಎಂಎಸ್‌ಗೂ ಕಟ್ಟುಪಾಡುಗಳಿವೆ. ತಲೆಯೊಳಗೆ ಲೋಹವಿದ್ದವರು, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಫಿಟ್ಸ್ ಇರುವವರು ಮೊದಲೇ ಹೇಳಲೇಬೇಕು.

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳು ಮಿದುಳಿನ ವಿಜ್ಞಾನಕ್ಕೆ ಈಗಾಗಲೇ ಪರಿಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಇಲ್ಲಿ ಸಾನ್ಸ್‌ಕಾಗ್ ಎಂಬ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ವಯಸ್ಸಾದಂತೆ ನೆನಪು ಹೇಗೆ ಮಾಸುತ್ತದೆ, ಯಾರಲ್ಲಿ ಮರೆಗುಳಿತನ ಬರುತ್ತದೆ ಎಂದು ತಿಳಿಯುವುದು ಅದರ ಗುರಿ. ಅದು ಮಿದುಳನ್ನು ತಟ್ಟಿ ನೋಡುವ ಕೆಲಸವಲ್ಲ, ಕಾಯ್ದು ನೋಡುವ ಕೆಲಸ. ಆದರೂ ಮೋಟಾರ್ ಕಾರ್ಟೆಕ್ಸ್ ಈ ವಿಷಯದಲ್ಲೂ ಬಾಯಿಬಿಡುತ್ತದೆ. ಮಣಿಕಟ್ಟಿನ ನರಕ್ಕೆ ಸಣ್ಣದೊಂದು ಶಾಕ್ ಕೊಟ್ಟು, 20 ಮಿಲಿಸೆಕೆಂಡಿನ ಬಳಿಕ ತಲೆಯ ಮೇಲೆ ತಟ್ಟಿದರೆ ಬೆರಳಿನ ಅಲೆ ಕುಗ್ಗುತ್ತದೆ. ಕುಗ್ಗಿಸುವುದರಲ್ಲಿ ಅಸಿಟೈಲ್‌ಕೋಲಿನ್ ಎಂಬ ರಸಾಯನದ ಕೈವಾಡವಿದೆ, ನೆನಪಿಗೂ ಅದು ಬೇಕು. ಆಲ್ಝೈಮರ್ ಕಾಯಿಲೆಯಲ್ಲಿ ಅದು ಕಡಿಮೆಯಾಗುತ್ತದೆ. ಅಂಥವರಲ್ಲಿ ಅಲೆ ಕುಗ್ಗಬೇಕಾದಷ್ಟು ಕುಗ್ಗುವುದಿಲ್ಲ ಎಂದು ಇಟಲಿಯ ವಿನ್ಚೆನ್ಜೊ ಡಿ ಲಾಝರೊ ಅವರ ತಂಡ 2002ರಲ್ಲಿ ತೋರಿಸಿತು.

ಹಳ್ಳಿಗಳಲ್ಲಿ ಜನರನ್ನು ಹೆಚ್ಚು ಕಾಡುವ ಪ್ರಶ್ನೆ ಲಕ್ವದ್ದು. ಬೆಳಿಗ್ಗೆ ಹಾಲು ಹಾಕಿ ಬಂದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಒಂದು ಕೈ ಒಂದು ಕಾಲು ಬಿದ್ದುಹೋಗಿ ಮಲಗಿರುತ್ತಾನೆ. ಕೆಲವರು ಆಸ್ಪತ್ರೆಗೆ ಓಡುತ್ತಾರೆ, ಕೆಲವರು ನಾಟಿ ಔಷಧಿ ಹುಡುಕಿಕೊಂಡು ಊರೂರು ಅಲೆಯುತ್ತಾರೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ, ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದು ಅಲೆದಾಟದಲ್ಲೇ ಕಳೆದುಹೋಗುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕೂಡಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವು ಮೊದಲ ಹಂತಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಇದ್ದದ್ದಕ್ಕೆ ಅರ್ಥವಿದೆ.

ಬಿದ್ದ ಕೈಯನ್ನು ಟಿಎಂಎಸ್ ಎಬ್ಬಿಸಬಲ್ಲದೇ? ಅಮೆರಿಕದ 12 ಕೇಂದ್ರಗಳಲ್ಲಿ 199 ರೋಗಿಗಳೊಂದಿಗೆ ನಡೆದು 2018ರಲ್ಲಿ ಪ್ರಕಟವಾದ ನಿಷ್ ಅಧ್ಯಯನದಲ್ಲಿ, ಎಲ್ಲರಿಗೂ ಕೈಯ ವ್ಯಾಯಾಮ ಮಾಡಿಸಿದರು. ಅವರಲ್ಲಿ ಒಂದು ಗುಂಪಿಗೆ ನಿಜವಾದ ತಟ್ಟು, ಇನ್ನೊಂದಕ್ಕೆ ತೋರಿಕೆಯ ತಟ್ಟು. ನಿಜದ ಗುಂಪಿನಲ್ಲಿ ಶೇ. 67, ತೋರಿಕೆಯ ಗುಂಪಿನಲ್ಲಿ ಶೇ. 65 ಮಂದಿ ಸುಧಾರಿಸಿದರು. ಅಂದರೆ ತಟ್ಟಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದರೆ ಕಾಯಿಲೆ ಬಂದು ತಿಂಗಳುಗಳೇ ಕಳೆದಿದ್ದರೂ ಬಿಡದೆ ವ್ಯಾಯಾಮ ಮಾಡಿಸಿಕೊಂಡ ಮೂವರಲ್ಲಿ ಇಬ್ಬರ ಕೈ ಸುಧಾರಿಸಿತ್ತು. ದಿನವೂ ಬಂದು ಬೆರಳು ಮಡಿಸಿ ಬಿಡಿಸಿ ಮಾಡಿಸುವ ಫಿಸಿಯೋಥೆರಪಿಸ್ಟ್ ಮತ್ತು ಜೊತೆಗೆ ಕೂರುವ ಮನೆಯವರ ಶ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಟಿಎಂಎಸ್ ಚೆನ್ನಾಗಿ ಹೇಳಬಲ್ಲದ್ದು ಬೇರೆ. ಲಕ್ವ ಹೊಡೆದ ಮೊದಲ ವಾರದಲ್ಲಿ ಪ್ರತಿ ಮನೆಯವರೂ ಕೇಳುವುದು ಒಂದೇ: "ಕೈ ಬರ್ತದಾ ಡಾಕ್ಟ್ರೇ?" ನ್ಯೂಝಿಲೆಂಡಿನ ಆಕ್ಲೆಂಡ್‌ನ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು ಈ ಪ್ರಶ್ನೆಗೆ ಒಂದು ಕ್ರಮ ಕಟ್ಟಿ, 2017ರಲ್ಲಿ ಅದನ್ನು ತಿದ್ದಿ ಪ್ರಕಟಿಸಿದರು. ಮೂರನೇ ದಿನ ರೋಗಿಯ ಭುಜದ ಬಲಕ್ಕೆ ಐದು ಅಂಕ, ಬೆರಳು ಬಿಡಿಸುವ ಬಲಕ್ಕೆ ಐದು ಅಂಕ. ಒಟ್ಟು ಐದು ಬಂದರೆ ಅಥವಾ ಅದಕ್ಕಿಂತ ಹೆಚ್ಚಾದರೆ ಯಂತ್ರವೇ ಬೇಡ, ಕೈ ಬಹುಪಾಲು ಚೆನ್ನಾಗಿ ಮರಳುತ್ತದೆ. ಐದಕ್ಕಿಂತ ಕಡಿಮೆಯಾದರೆ ವಾರದೊಳಗೆ ಟಿಎಂಎಸ್ ತಟ್ಟಿ ನೋಡುತ್ತಾರೆ. ಕೈ ಪೂರ್ತಿ ನಿಶ್ಚಲವಾಗಿ ಬಿದ್ದಿದ್ದರೂ ಪರದೆಯ ಮೇಲೆ ಅಲೆ ಎದ್ದರೆ ದಾರಿ ಇನ್ನೂ ಜೀವಂತವಾಗಿದೆ, ಮೂರು ತಿಂಗಳಲ್ಲಿ ಕೈ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು. ಅಲೆ ಏಳದಿದ್ದರೆ ಇನ್ನೊಂದು ಕೈಯಿಂದ ಊಟ, ಸ್ನಾನ, ಬಟ್ಟೆ ಕಲಿಸುವ ಕೆಲಸವನ್ನು ಆಗಲೇ ಶುರು ಮಾಡಬಹುದು. ಹೀಗೆ ಕೊಟ್ಟ ಉತ್ತರ ನಾಲ್ವರಲ್ಲಿ ಮೂವರ ವಿಷಯದಲ್ಲಿ ಸರಿಹೋಯಿತು.

ಈ ಕ್ರಮದ ಮೊದಲ ಮೆಟ್ಟಿಲಿಗೆ ಸುರುಳಿ ಬೇಡ, ಪರದೆ ಬೇಡ, ಕರೆಂಟೂ ಬೇಡ. ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯಾಗಲಿ, ಮಾಲೂರಿನದಾಗಲಿ, ಮೂರನೇ ದಿನ ಬೆಳಿಗ್ಗೆ ಪಕ್ಕದಲ್ಲಿ ನಿಂತು, "ಅಜ್ಜಿ, ಕೈ ಪಕ್ಕಕ್ಕೆ ಎತ್ತಿ. ಈಗ ಬೆರಳು ಬಿಡಿಸಿ ನೋಡೋಣ," ಎನ್ನಲು ಎರಡು ನಿಮಿಷ ಸಾಕು.